ಮರ ಕಳಿತರೆ ಕೊಂಬು

ಒಂದು ಹಿಡಿ ತೆಗೆದುಕೊಂಡು ಹಿಂಡಿದರೆ ಉಂಡೆ ಕಟ್ಟಬೇಕು. ಬೆರಳ ಸಂದಿಯಿಂದ ನೀರು ಒಸರಬಾರದು. ಹೆಬ್ಬೆರಳಿನಲ್ಲಿ ಮೆಲ್ಲಗೆ ಒತ್ತಿದರೆ ಉಂಡೆ ಬಿರಿದು ಉದುರಬೇಕು. ರವೆ ಉಂಡೆ ಕಟ್ಟಿದ ಕೈಗಳಿಗೆ ಈ ಹದವನ್ನು ಯಾರೂ ಹೇಳಿಕೊಡಬೇಕಿಲ್ಲ. ಜಪಾನಿನಲ್ಲಿ ದುಂಬಿ ಸಾಕುವವರ ಕೈಯೂ ಇದೇ ಹದವನ್ನು ಹುಡುಕುತ್ತದೆ. ಅವರು ಹಿಂಡಿ ನೋಡುವುದು ಓಕ್ ಜಾತಿಯ ಮರದ ಹುಡಿ. ಅದಕ್ಕೆ ಮೈದಾ ಬೆರೆಸಿ, ನೀರು ಚಿಮುಕಿಸಿ, ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಗೆ ತುಂಬಿ, ವಾರಗಟ್ಟಲೆ ಹುದುಗಲು ಬಿಡುತ್ತಾರೆ. ಕೊನೆಗೆ ಕಾಫಿ ಚರಟದ ಬಣ್ಣಕ್ಕೆ ತಿರುಗುವ ಆ ಹುಡಿ ದುಂಬಿಯ ಮರಿಹುಳುಗಳ ಊಟ.

ಅಲ್ಲಿ ಇದನ್ನು ‘ಹಕ್ಕೋ ಮ್ಯಾಟ್’ ಎನ್ನುತ್ತಾರೆ. ಹಕ್ಕೋ ಎಂದರೆ ಹುದುಗುವಿಕೆ. ಸೋಯಾ ಸಾಸ್, ಮಿಸೊ, ಸಾಕೆ ಎಲ್ಲಕ್ಕೂ ಅದೇ ಮಾತು. ಮ್ಯಾಟ್ ಎಂಬುದು ಇಂಗ್ಲಿಷಿನಿಂದ ಬಂದ ಹಾಸು. ಹುಳುವಿಗೆ ಅದು ಹಾಸಿಗೆಯೂ ಹೌದು, ಹೊದಿಕೆಯೂ ಹೌದು, ಅನ್ನವೂ ಹೌದು. ಹುಳು ತನ್ನ ಅನ್ನದೊಳಗೇ ಮಲಗಿ, ಅದನ್ನೇ ಕೊರೆದು ತಿಂದು, ಅಲ್ಲೇ ಹಿಕ್ಕೆ ಹಾಕಿ, ಅಲ್ಲೇ ಪೊರೆ ಕಳಚಿ ದೊಡ್ಡದಾಗುತ್ತದೆ.

ಹೊರಗಿನವರಿಗೆ ಇದು ಹುಳು ಸಾಕುವ ಹವ್ಯಾಸವಾಗಿ ಕಾಣುತ್ತದೆ. ಆದರೆ ಈ ಕೆಲಸದಲ್ಲಿ ತೊಡಗಿದವರ ಸಮಯದ ದೊಡ್ಡ ಪಾಲು ಹೋಗುವುದು ಮರ ಕೊಳೆಯುವುದನ್ನು ಕಾಯುವುದಕ್ಕೆ. ಕಾಡಿನಲ್ಲಿ ಬಿದ್ದ ದಿಮ್ಮಿಯೊಂದು ವರ್ಷಗಟ್ಟಲೆ ತೆಗೆದುಕೊಳ್ಳುವ ಕೆಲಸವನ್ನು ಪೆಟ್ಟಿಗೆಯೊಳಗೆ ಬೇಗ ಮಾಡಿಸಬೇಕು, ಮತ್ತು ಸರಿಯಾದ ಜಾಗದಲ್ಲಿ ನಿಲ್ಲಿಸಬೇಕು. ಆ ನಿಲ್ಲಿಸುವ ವಿದ್ಯೆಯೇ ನನ್ನನ್ನು ಈ ವಿಷಯಕ್ಕೆ ಎಳೆದದ್ದು.

ಜಪಾನಿನ ಮಕ್ಕಳಿಗೆ ಬೇಸಿಗೆ ರಜೆಯೆಂದರೆ ದುಂಬಿ. ಅದರಲ್ಲೂ ಎರಡು ಬಗೆ. ಕಬುತೊಮುಶಿಗೆ ತಲೆಯ ಮುಂದೆ ಕವಲೊಡೆದ ಕೊಂಬು. ಕಬುತೊ ಎಂದರೆ ಯೋಧರ ಶಿರಸ್ತ್ರಾಣ. ಕುವಾಗತಕ್ಕೆ ಜಿಂಕೆಯ ಕೊಂಬಿನಂತೆ ಬಾಗಿದ ದವಡೆಗಳು. ಆ ಹೆಸರೂ ಶಿರಸ್ತ್ರಾಣದ ಮೇಲಿನ ಅಲಂಕಾರದ್ದೇ. ಡಿಪಾರ್ಟ್‌ಮೆಂಟ್ ಸ್ಟೋರುಗಳಲ್ಲಿ ಇವು ಪಂಜರ ಸಮೇತ ಮಾರಾಟವಾಗುತ್ತವೆ. ಹಲವು ಹೊರದೇಶದ ದುಂಬಿಗಳ ಆಮದಿಗೆ 1999ರಲ್ಲಿ ಅಲ್ಲಿನ ಸರ್ಕಾರ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಓಕುವಾಗತ ಎಂಬ ದೊಡ್ಡ ಜಾತಿಯ, 80 ಮಿಲಿಮೀಟರ್ ಉದ್ದದ ಒಂದು ಕುವಾಗತ ಟೋಕಿಯೊದಲ್ಲಿ 1 ಕೋಟಿ ಯೆನ್‌ಗೆ ಮಾರಾಟವಾದದ್ದು ದೊಡ್ಡ ಸುದ್ದಿಯಾಯಿತು. 2003ರಲ್ಲಿ ಸೆಗಾ ಕಂಪನಿಯ ‘ಮುಶಿಕಿಂಗ್’ ಎಂಬ ದುಂಬಿ ಕಾಳಗದ ಆಟ ಬಂತು, ಇನ್ನಷ್ಟು ಮಕ್ಕಳು ಇತ್ತ ತಿರುಗಿದರು. ಇವತ್ತು ಸಾಕಿದ ಓಕುವಾಗತಗಳು 90 ಮಿಲಿಮೀಟರನ್ನೂ ದಾಟಿವೆ. ತಳಿ ಆಯ್ಕೆಯ ಪಾಲು ಅದರಲ್ಲಿದೆ. ಆದರೆ ತಳಿ ಎಷ್ಟೇ ಒಳ್ಳೆಯದಿರಲಿ, ಹುಳುವಾಗಿದ್ದಾಗ ತಿಂದದ್ದೇ ದುಂಬಿಯ ಮೈ. ದುಂಬಿಯಾಗಿ ಹೊರಬಂದ ಮೇಲೆ ಅದು ಒಂದು ಎಳ್ಳಿನಷ್ಟೂ ಬೆಳೆಯುವುದಿಲ್ಲ.

ಮರ ಎಂಬ ಗಟ್ಟಿ ಅನ್ನ

ಮರವನ್ನು ತಿಂದು ಬದುಕುವುದು ಸುಲಭವಲ್ಲ. ಮರದಲ್ಲಿ ಸೆಲ್ಯುಲೋಸ್ ಹೆಚ್ಚುಕಡಿಮೆ ಅರ್ಧದಷ್ಟು. ಉಳಿದದ್ದು ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್. ಈ ಲಿಗ್ನಿನ್ ಗಾರೆ ಇದ್ದ ಹಾಗೆ, ಸೆಲ್ಯುಲೋಸಿನ ಎಳೆಗಳ ಸುತ್ತ ಕಟ್ಟಿಕೊಂಡು ಒಳಗಿನ ಸಕ್ಕರೆಯನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಗಾರೆ ಒಡೆಯುವ ಕೆಲಸವನ್ನು ಚೆನ್ನಾಗಿ ಬಲ್ಲವು ಅಣಬೆ ಕುಲದ ಬಿಳಿಕೊಳೆ ಶಿಲೀಂಧ್ರಗಳು. ಬಿದ್ದ ಮರವನ್ನು ಮುಟ್ಟಿದರೆ ಬಿಳಿಯಾಗಿ, ಹಗುರವಾಗಿ, ನಾರು ನಾರಾಗಿ ಕೈಗೆ ಬರುತ್ತದಲ್ಲ, ಅದು ಅವುಗಳ ಕೈಚಳಕ.

ಇನ್ನೊಂದು ತೊಡಕು ಸಾರಜನಕದ್ದು. ಲೆಕ್ಕ ಹಾಕಿದರೆ ಸಂಗತಿ ಸ್ಪಷ್ಟವಾಗುತ್ತದೆ. 10 ಕಿಲೊ ಒಣ ಮರದ ಹುಡಿಯಲ್ಲಿ ಇಂಗಾಲ ಸುಮಾರು 5 ಕಿಲೊ ಇರುತ್ತದೆ, ಸಾರಜನಕ ಬರೀ 10–20 ಗ್ರಾಂ. ಅಂದರೆ ಸಾರಜನಕದ ಒಂದು ಪಾಲಿಗೆ ಇಂಗಾಲ ನೂರಾರು ಪಾಲು. ನಮ್ಮ ಗೊಬ್ಬರದ ಗುಂಡಿ ಚೆನ್ನಾಗಿ ಕಾವೇರಬೇಕಾದರೆ ಈ ಪ್ರಮಾಣ ಒಂದಕ್ಕೆ ಇಪ್ಪತ್ತೈದು, ಮೂವತ್ತರ ಹತ್ತಿರ ಇರಬೇಕು. ಅದಕ್ಕೇ ಸಾಮಿಲ್ಲಿನ ಹುಡಿಯನ್ನು ಹಾಗೇ ರಾಶಿ ಹಾಕಿದರೆ ವರ್ಷ ಕಳೆದರೂ ಹುಡಿಯಾಗಿಯೇ ಕುಳಿತಿರುತ್ತದೆ. ಸೂಕ್ಷ್ಮಜೀವಿಗಳಿಗೆ ಮೈ ಕಟ್ಟಿಕೊಳ್ಳಲು ಪ್ರೋಟೀನಿನ ಸಾಮಗ್ರಿಯೇ ಇಲ್ಲ.

ಮೈದಾ ಬರುವುದು ಇಲ್ಲಿ. ರೂಢಿಯ ಲೆಕ್ಕ, ತೂಕದಲ್ಲಿ ಹುಡಿಯ ಹತ್ತನೇ ಒಂದು ಪಾಲು. ಒಂದು ಕಿಲೊ ಮೈದಾದಲ್ಲಿ ಸುಮಾರು 100 ಗ್ರಾಂ ಪ್ರೋಟೀನ್ ಇದೆ, ಅದರಲ್ಲಿ ಸಾರಜನಕ ಹದಿನೇಳು ಗ್ರಾಂ ಹತ್ತಿರ. 10 ಕಿಲೊ ಹುಡಿಯಲ್ಲಿ ಮೊದಲೇ ಇದ್ದಷ್ಟೇ ಸಾರಜನಕ ಈ ಒಂದೇ ಕಿಲೊದಿಂದ ಬಂದು ಸೇರಿತು! ಜೊತೆಗೆ ಹಿಟ್ಟಿನ ಪಿಷ್ಟ ಸೂಕ್ಷ್ಮಜೀವಿಗಳಿಗೆ ತಕ್ಷಣ ಸಿಗುವ ಸೌದೆ. ಒಲೆ ಹೊತ್ತಿಸುವಾಗ ಮೊದಲು ದರಕು, ಚಿಪ್ಪು ಇಟ್ಟು ಆಮೇಲೆ ಕುಂಟೆ ಇಡುವ ಹಾಗೆ, ಮೈದಾ ಮೊದಲು ಹತ್ತಿಕೊಂಡು ಮರವನ್ನು ಹತ್ತಿಸುತ್ತದೆ. ಕೆಲವರು ಮೈದಾದ ಬದಲು ಗೋಧಿ ಬೂಸಾ ಹಾಕುತ್ತಾರೆ, ಕೆಲವರು ಎರಡನ್ನೂ. ಹೆಚ್ಚು ಹಾಕಿದರೆ ಹೆಚ್ಚು ಒಳ್ಳೆಯದೆಂದು ತಿಳಿದವರ ಪೆಟ್ಟಿಗೆ ಅಂಟಂಟಾಗಿ, ಗಬ್ಬೆದ್ದು, ಕೊನೆಗೆ ಹೊರಗೆ ಚೆಲ್ಲುವ ಸ್ಥಿತಿಗೆ ಬರುತ್ತದೆ.

ಯಾವ ಮರ ಎಂಬುದು ಮುಖ್ಯ. ಜಪಾನಿನವರು ಕುನುಗಿ ಮತ್ತು ಕೊನಾರ ಎಂಬ ಎರಡು ಓಕ್ ಮರಗಳನ್ನು ಮೆಚ್ಚುತ್ತಾರೆ. ದೇವದಾರು, ಪೈನ್ ಮುಂತಾದ ಸೂಚಿಪರ್ಣಿಗಳ ಹುಡಿಯನ್ನು ದೂರ ಇಡುತ್ತಾರೆ. ಅವುಗಳ ರಾಳ ಮತ್ತು ಸುಗಂಧ ತೈಲಗಳು ಕೀಟಗಳನ್ನು ಓಡಿಸಲೆಂದೇ ಮರ ಮಾಡಿಕೊಂಡ ಮದ್ದು. ಪ್ಲೈವುಡ್ಡಿನ ಹುಡಿಯಲ್ಲಿ ಅಂಟು ಇರುತ್ತದೆ, ಪೀಠೋಪಕರಣದ ಅಂಗಡಿಯ ಹುಡಿಯಲ್ಲಿ ಗೆದ್ದಲಿನ ಮದ್ದು ಇರಬಹುದು. ಎರಡೂ ಹುಳುವನ್ನು ಕೊಲ್ಲುತ್ತವೆ.

ಅವರಿಗೆ ಸಿಗುವ ಅತ್ಯುತ್ತಮ ಹುಡಿ ಇನ್ನೊಂದು ಕಸುಬಿನ ಉಳಿಕೆ. ಜಪಾನಿನ ದಕ್ಷಿಣದ ಕ್ಯೂಶು ದ್ವೀಪದಲ್ಲಿ ಓಯಿತಾ ಎಂಬ ಪ್ರಾಂತ್ಯವಿದೆ. ಒಣ ಶಿಟಾಕೆ ಅಣಬೆಯಲ್ಲಿ ದೇಶಕ್ಕೇ ಮೊದಲು. ಅಲ್ಲಿನ ಕುನಿಸಾಕಿ ಪರ್ಯಾಯ ದ್ವೀಪದ ಗುಡ್ಡಗಳ ತುಂಬ ಕುನುಗಿ ತೋಪುಗಳು, ಅವುಗಳ ಬುಡದಲ್ಲಿ ಗದ್ದೆಗೆ ನೀರು ಹಿಡಿಯುವ ಕೆರೆಗಳು. ಈ ಇಡೀ ವ್ಯವಸ್ಥೆಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಕೃಷಿ ಪರಂಪರೆಯ ತಾಣವೆಂದು ಗುರುತಿಸಿತು. ಸುಮಾರು 15 ವರ್ಷದ ಕುನುಗಿಯನ್ನು ಎಲೆ ಬಣ್ಣ ತಿರುಗುವ ಹೊತ್ತಿಗೆ ಕಡಿಯುತ್ತಾರೆ. ಬುಡ ಮತ್ತೆ ಚಿಗುರುತ್ತದೆ, ಇನ್ನೊಂದು ಹದಿನೈದು ವರ್ಷಕ್ಕೆ ಮತ್ತೆ ಕಡಿತಕ್ಕೆ ಬರುತ್ತದೆ. ಕಡಿದ ದಿಮ್ಮಿಗೆ ತೂತು ಕೊರೆದು ಅಣಬೆಯ ಬೀಜ ತುಂಬಿದ ಬೆಣೆ ಹೊಡೆದು ನೆರಳಲ್ಲಿ ಒರಗಿಸುತ್ತಾರೆ. ಅಂಥ ದಿಮ್ಮಿಗೆ ಹೊದಗಿ ಎಂದು ಹೆಸರು. ಕೆಲವು ವರ್ಷ ಅಣಬೆ ಕೊಟ್ಟು ಹೊದಗಿ ಸೋಲುತ್ತದೆ. ಅಷ್ಟರಲ್ಲಿ ಶಿಲೀಂಧ್ರ ಅದರ ಗಾರೆಯನ್ನೆಲ್ಲ ತಿಂದು, ಮರ ಉಗುರಲ್ಲಿ ಕೆರೆದರೂ ಬರುವಷ್ಟು ಮೆದುವಾಗಿರುತ್ತದೆ. ಅಣಬೆ ಬೆಳೆಗಾರನಿಗೆ ಇನ್ನು ಬೇಡವಾದ ಆ ದಿಮ್ಮಿಯನ್ನು ಪುಡಿ ಮಾಡಿದರೆ ದುಂಬಿ ಸಾಕುವವನಿಗೆ ಅರ್ಧ ಕೆಲಸ ಮುಗಿದ ಹಾಗೆ.

ಕಾವು, ವಾಸನೆ, ಕಾಯುವಿಕೆ

ಕಲಸಿ ತುಂಬಿದ ಪೆಟ್ಟಿಗೆ ಮೊದಲ ಒಂದೆರಡು ದಿನ ಏನೂ ಹೇಳುವುದಿಲ್ಲ. ಆಮೇಲೆ ಕೈ ಹೂತು ನೋಡಿದರೆ ಬಿಸಿ. ರಾಶಿ ದೊಡ್ಡದಿದ್ದು ಹದ ಸರಿಯಿದ್ದರೆ ನಡುವಿನ ಕಾವು 50, 60 ಡಿಗ್ರಿ ಸೆಲ್ಸಿಯಸ್‌ವರೆಗೂ ಏರುತ್ತದೆ. ಹೆಚ್ಚು ಹೊತ್ತು ಕೈ ಇಟ್ಟುಕೊಂಡಿರಲು ಆಗುವುದಿಲ್ಲ. ಬೆಂಕಿ ಇಲ್ಲ, ವಿದ್ಯುತ್ ಇಲ್ಲ. ಕೋಟ್ಯಂತರ ಬ್ಯಾಕ್ಟೀರಿಯಾಗಳು ಮೈದಾವನ್ನು ಉಸಿರಾಡಿ ಸುಡುತ್ತಿರುವ ಕಾವು ಅದು. ರಾಶಿ ಚಿಕ್ಕದಾದರೆ ಕಾವು ಅಂಚಿನಿಂದ ಸೋರಿಹೋಗುತ್ತದೆ. ಆದ್ದರಿಂದ ಕನಿಷ್ಠ ಮೂವತ್ತು, ನಲವತ್ತು ಲೀಟರ್ ಹುಡಿ ಒಟ್ಟಿಗೆ ಹಾಕುವುದು ರೂಢಿ. ಚಳಿಗಾಲದಲ್ಲಿ ಪೆಟ್ಟಿಗೆಗೆ ಹಳೆಯ ಕಂಬಳಿ ಸುತ್ತುತ್ತಾರೆ.

ಕಾವು ಏರಿದ ಮೇಲಿನ ಕೆಲಸ ಮಗುಚುವುದು. ದಿನಕ್ಕೊಮ್ಮೆಯೋ ಎರಡು ದಿನಕ್ಕೊಮ್ಮೆಯೋ ತಳದ್ದು ಮೇಲಕ್ಕೆ, ಅಂಚಿನದು ನಡುವಿಗೆ. ಒಳಗಿನ ಆಮ್ಲಜನಕ ಬೇಗ ಮುಗಿಯುತ್ತದೆ. ಮಗುಚದೆ ಬಿಟ್ಟರೆ ಗಾಳಿ ಬೇಡದ ಬ್ಯಾಕ್ಟೀರಿಯಾಗಳು ಯಜಮಾನಿಕೆ ಹಿಡಿದು ಹುಡಿ ಹುಳಿತು ಕೊಳೆಯುತ್ತದೆ. ಮಗುಚಿದಾಗ ಕಾವು ಇಳಿಯುತ್ತದೆ, ರಾತ್ರಿ ಕಳೆದರೆ ಮತ್ತೆ ಏರುತ್ತದೆ. ಆವಿಯಾಗಿ ಹೋದ ನೀರನ್ನು ಆಗಾಗ ತುಂಬಬೇಕು. ತುಂಬುವಾಗಲೆಲ್ಲ ಅದೇ ಹಿಡಿಯ ಪರೀಕ್ಷೆ.

ಈ ವಾರಗಳಲ್ಲಿ ಥರ್ಮಾಮೀಟರಿಗಿಂತ ಹೆಚ್ಚು ನಂಬಿಕೆಯ ಸಾಧನ ಮೂಗು. ಮೊದಲು ದೋಸೆ ಹಿಟ್ಟು ಉಕ್ಕಿದ ಬೆಳಗಿನ ಹುಳಿ ವಾಸನೆ. ಅದರ ಹಿಂದೆಯೇ ಮೂಗಿಗೆ ಚುಚ್ಚುವ ಅಮೋನಿಯಾ, ತೊಳೆಯದ ಕೊಟ್ಟಿಗೆಯದ್ದೇ ವಾಸನೆ. ಪ್ರೋಟೀನು ಮುರಿದು ಸಾರಜನಕ ಗಾಳಿಗೆ ಹಾರುತ್ತಿರುವ ಹೊತ್ತದು. ಹೊಸಬರು ಇಲ್ಲಿ ಗಾಬರಿಯಾಗಿ ಎಲ್ಲ ಕೆಟ್ಟಿತೆಂದು ಚೆಲ್ಲಿಬಿಡುತ್ತಾರೆ. ಸ್ವಲ್ಪ ತಾಳಿದರೆ ಅದೂ ಇಳಿದು, ಒಂದು ದಿನ ಮುಚ್ಚಳ ತೆಗೆದಾಗ ಮೊದಲ ಮಳೆಗೆ ನೆನೆದ ನೆಲದ ವಾಸನೆ ಬರುತ್ತದೆ. ಆ ವಾಸನೆಯ ಹಿಂದಿರುವುದು ಆಕ್ಟಿನೊಮೈಸೀಟ್ ಎಂಬ ಬ್ಯಾಕ್ಟೀರಿಯಾ ಗುಂಪು ತಯಾರಿಸುವ ಜಿಯಾಸ್ಮಿನ್. ಮುಂಗಾರಿನ ಮಣ್ಣಿನಲ್ಲಿ ನಮಗೆ ಅಷ್ಟು ಹಿತವೆನಿಸುವುದೂ ಅದೇ ವಸ್ತು. ಬಣ್ಣ ಹೊಂಬಣ್ಣದಿಂದ ಚಹಾದ ಕಂದಿಗೆ, ಕಂದಿನಿಂದ ಕಪ್ಪಿಗೆ ಇಳಿದಿರುತ್ತದೆ. ರಾಶಿ ತಗ್ಗಿರುತ್ತದೆ, ಏಕೆಂದರೆ ಇಂಗಾಲದ ಒಂದು ಪಾಲು ಕಾರ್ಬನ್ ಡೈಆಕ್ಸೈಡ್ ಆಗಿ ಹಾರಿಹೋಗಿದೆ. ಸಾರಜನಕದ ಬಹುಪಾಲು ಸೂಕ್ಷ್ಮಜೀವಿಗಳ ಮೈಯಾಗಿ ಉಳಿದಿದೆ. ಹುಳು ಉಣ್ಣುವ ಪ್ರೋಟೀನ್ ಆ ಮೈಗಳದ್ದು.

ಮಗುಚಿದ ಮೇಲೂ ಕಾವು ಏರದಿದ್ದರೆ, ಹಸಿ ಮರದ ವಾಸನೆ ಹೋಗಿದ್ದರೆ, ಹುಡಿ ಸಿದ್ಧ. ತಿಂಗಳೊಂದರಲ್ಲೇ ಆಗಬಹುದು, ಮೂರು ತಿಂಗಳೂ ಹಿಡಿಯಬಹುದು. ಮರ, ಹವೆ, ರಾಶಿಯ ಗಾತ್ರ ಇವೆಲ್ಲ ಸೇರಿ ತೀರ್ಮಾನಿಸುತ್ತವೆ. ಕ್ಯಾಲೆಂಡರ್ ನೋಡಿ ಹುಳು ಬಿಟ್ಟವರು ನಷ್ಟ ಅನುಭವಿಸಿದ್ದಾರೆ.

ಯಾವ ಹುಳುವಿಗೆ ಎಷ್ಟು ಕಳಿತದ್ದು

ಪೂರ್ತಿ ಹುದುಗಿದ ಹುಡಿಗೆ ಜಪಾನಿನವರು ‘ಕಂಜುಕು’ ಎಂಬ ಮಾತು ಬಳಸುತ್ತಾರೆ. ಗಿಡದಲ್ಲೇ ಹಣ್ಣಾದ ಟೊಮೆಟೊಗೂ ಅವರ ಭಾಷೆಯಲ್ಲಿ ಅದೇ ಮಾತು. ಇದನ್ನು ಓದಿದಾಗ ನನಗೆ ರೋಮಾಂಚನವಾಯಿತು. ಕನ್ನಡವೂ ಹೀಗೇ ನುಡಿಯುತ್ತದೆ: ಕಳಿತ ಬಾಳೆಹಣ್ಣು, ಕಳಿತ ಗೊಬ್ಬರ. ಹಣ್ಣಿಗೂ ಗೊಬ್ಬರಕ್ಕೂ ಒಂದೇ ಕ್ರಿಯಾಪದ ಕೊಟ್ಟ ಎರಡು ನಾಡುಗಳ ರೈತರು ಒಬ್ಬರನ್ನೊಬ್ಬರು ಕಂಡಿರಲಿಲ್ಲ. ತಿಪ್ಪೆಯ ಮುಂದೆ ನಿಂತು ಇಬ್ಬರೂ ಕಂಡದ್ದು ಒಂದೇ.

ಕಬುತೊಮುಶಿಯ ಹುಳುವಿಗೆ ಬೇಕಾದದ್ದು ಈ ಕಂಜುಕು. ಕಾಡಿನಲ್ಲೂ ಅದು ಮಣ್ಣಾಗಲು ಹೊರಟ ಎಲೆರಾಶಿಯಲ್ಲಿ, ಕೊಳೆತ ಮರದ ಬುಡದಲ್ಲಿ, ರೈತರ ಗೊಬ್ಬರದ ರಾಶಿಯಲ್ಲಿ ವಾಸಿಸುತ್ತದೆ. ಈ ಕುಲದ ಹಲವು ಹುಳುಗಳ ನಡುಗರುಳು ಪಿಹೆಚ್ 10 ದಾಟುವಷ್ಟು ಕ್ಷಾರ. ಹಿಂಗರುಳು ಉಬ್ಬಿ ಸ್ವತಃ ಒಂದು ಹುದುಗು ಪಾತ್ರೆಯಾಗಿದೆ, ಅದರ ತುಂಬ ಬ್ಯಾಕ್ಟೀರಿಯಾ. ಹೊರಗೆ ಪೆಟ್ಟಿಗೆಯಲ್ಲಿ ನಡೆದ ಕೆಲಸದ ಉಳಿದ ಭಾಗ ಹುಳುವಿನ ಹೊಟ್ಟೆಯೊಳಗೆ ನಡೆಯುತ್ತದೆ.

ಓಕುವಾಗತದ ಹುಳು ಬೇರೆಯೇ. ಅದು ಬಿಳಿಕೊಳೆ ಹಿಡಿದ ಮರದೊಳಗೆ ಕೊರೆದು ಬದುಕುವ ಜೀವ. ಪೂರ್ತಿ ಕಳಿತದ್ದನ್ನು ಕೊಟ್ಟರೆ ಸೊರಗುತ್ತದೆ. ಅದಕ್ಕೆ ಹಗುರಾಗಿ ಹುದುಗಿಸಿದ, ಇನ್ನೂ ಕಂದು ಬಣ್ಣದಲ್ಲೇ ಇರುವ ಹುಡಿ ಬೇಕು. ಇನ್ನೂ ಒಳ್ಳೆಯದೆಂದರೆ ಅಣಬೆಯ ಬಾಟಲಿ. 1990ರ ದಶಕದಲ್ಲಿ ಹಬ್ಬಿದ ಈ ಉಪಾಯದಲ್ಲಿ ಮರದ ಹುಡಿಯನ್ನು ಬಾಟಲಿಗೆ ಗಟ್ಟಿಯಾಗಿ ತುಂಬಿ, ಹಬೆಯಲ್ಲಿ ಬೇಯಿಸಿ ಶುದ್ಧ ಮಾಡಿ, ಚಿಪ್ಪಣಬೆಯ ಬೀಜ ಬಿಡುತ್ತಾರೆ. ಕೆಲವು ಜಾತಿಗಳಿಗೆ ಮರದ ಮೇಲೆ ಬಣ್ಣಬಣ್ಣದ ಬೀಸಣಿಗೆಯಂತೆ ಬೆಳೆಯುವ ಇನ್ನೊಂದು ಶಿಲೀಂಧ್ರ. ಬಾಟಲಿ ತುಂಬ ಬಿಳಿ ಎಳೆ ಹರಡಿದ ಮೇಲೆ ಮೇಲ್ಗಡೆ ಕುಳಿ ತೋಡಿ ಹುಳುವನ್ನು ಇಳಿಸುತ್ತಾರೆ. ಓಕುವಾಗತದ ಗಾತ್ರ ನೆಗೆದದ್ದು ಇದು ಬಂದ ಮೇಲೆ.

ಅಮ್ಮ ದುಂಬಿಗೆ ಈ ಸಂಗತಿ ಮನುಷ್ಯರಿಗಿಂತ ಮೊದಲೇ ತಿಳಿದಿತ್ತು. 2010ರಲ್ಲಿ ಜಪಾನಿನ ಸಂಶೋಧಕರು ಹೆಣ್ಣು ಕುವಾಗತಗಳ ಹೊಟ್ಟೆಯ ತುದಿಯಲ್ಲಿ ಒಂದು ಪುಟ್ಟ ಚೀಲವನ್ನು ಪತ್ತೆ ಮಾಡಿದರು. ಅದರೊಳಗೆ ಯೀಸ್ಟ್. ಮರದ ಹೆಮಿಸೆಲ್ಯುಲೋಸಿನಿಂದ ಬರುವ ಕ್ಸೈಲೋಸ್ ಎಂಬ ಸಕ್ಕರೆಯನ್ನು ಹುದುಗಿಸಬಲ್ಲ ಯೀಸ್ಟ್ ಅದು. ಮೊಸರಿಗೆ ಹೆಪ್ಪು ಎತ್ತಿಡುವಂತೆ ಹೆಣ್ಣು ದುಂಬಿ ಹೆಪ್ಪನ್ನು ಮೈಯಲ್ಲೇ ಹೊತ್ತು ತಿರುಗುತ್ತದೆ.

ಸಾಕುವವರೂ ಹೆಪ್ಪಿನ ಈ ನಿಯಮ ಪಾಲಿಸುತ್ತಾರೆ. ಹುಡಿ ಬದಲಿಸುವಾಗ ಪೂರ್ತಿ ಬದಲಿಸದೆ, ಹುಳು ಈವರೆಗೆ ಇದ್ದ ಹಳೆಯ ಹುಡಿಯ ಒಂದು ಪಾಲನ್ನು ಹೊಸದರೊಳಗೆ ಬೆರೆಸುತ್ತಾರೆ. ಹೊಸ ಹುಡಿ ತುಂಬಿದ ಡಬ್ಬಿಯಲ್ಲಿ ಹುಳುಗಳು ಮೇಲೇರಿ ಬಂದು ಸುತ್ತತೊಡಗಿದರೆ ಅದು ಎಚ್ಚರಿಕೆಯ ಗಂಟೆ. ಹುಡಿ ಇನ್ನೂ ಪೂರ್ತಿ ಹುದುಗಿಲ್ಲ, ಒಳಗೆ ಮತ್ತೆ ಕಾವೇರುತ್ತಿದೆ, ಉಸಿರಾಡಲು ಗಾಳಿಯಿಲ್ಲ. ಅಂಗಡಿಯಿಂದ ತಂದ ಚೀಲದ ಹುಡಿಯಲ್ಲೂ ಹೀಗಾಗುತ್ತದೆ. ಅದಕ್ಕೆ ಚೀಲ ಬಿಚ್ಚಿ, ಅಗಲವಾಗಿ ಹರಡಿ, ಕೆಲವು ದಿನ ಗಾಳಿಗೆ ಬಿಟ್ಟು, ಅನಿಲ ಹೋದ ಮೇಲಷ್ಟೇ ಬಳಸುತ್ತಾರೆ. ತಾಳ್ಮೆಗೆಟ್ಟ ಒಂದು ಸಂಜೆಗೆ ಆರು ತಿಂಗಳು ಸಾಕಿದ ಹುಳುಗಳು ಬೆಳಗಾಗುವುದರೊಳಗೆ ಸತ್ತಿರುವುದುಂಟು. ನುಸಿ, ಸಣ್ಣ ನೊಣಗಳ ಕಾಟ ಇದರ ಮುಂದೆ ಏನೂ ಅಲ್ಲ.

ನಮ್ಮ ಕೊಟ್ಟಿಗೆಯ ಹಿಂದೆ

ಮಲೆನಾಡಿನ ಅಡಿಕೆ ಸೀಮೆಯವರಿಗೆ ಇದರಲ್ಲಿ ಬಹಳಷ್ಟು ಗೊತ್ತಿರುವುದೇ. ಸೊಪ್ಪಿನ ಬೆಟ್ಟದಿಂದ ಹಸಿಸೊಪ್ಪು, ದರಕು ತಂದು ಕೊಟ್ಟಿಗೆಗೆ ಹಾಸಿ, ಸಗಣಿ ಗಂಜಲದಲ್ಲಿ ನೆನೆದದ್ದನ್ನು ಗುಂಡಿಗೆ ಎಳೆದು, ಕಳಿತ ಮೇಲೆ ತೋಟಕ್ಕೆ ಹೊರುವುದು ತಲೆತಲಾಂತರದ ಕೆಲಸ. ಜಪಾನಿನ ಹಳ್ಳಿಗಳ ಸುತ್ತ ‘ಸತೊಯಾಮ’ ಎಂದು ಕರೆಯುವ ಗುಡ್ಡದ ಕಾಡುಗಳಿವೆ. ಅಲ್ಲೂ ಹೀಗೇ ಸೌದೆಗೆಂದು ಓಕ್ ಕಡಿದು, ಗೊಬ್ಬರಕ್ಕೆಂದು ಎಲೆ ಗುಡಿಸಿ ಒಟ್ಟುತ್ತಿದ್ದರು. ಆ ಎಲೆರಾಶಿಗಳೇ ಕಬುತೊಮುಶಿಯ ತೊಟ್ಟಿಲು. 1960ರ ದಶಕದಲ್ಲಿ ಗ್ಯಾಸು, ಸೀಮೆಎಣ್ಣೆ, ರಾಸಾಯನಿಕ ಗೊಬ್ಬರ ಮನೆಮನೆ ತಲುಪಿದಾಗ ಎಲೆ ಗುಡಿಸುವವರು ಕಡಿಮೆಯಾದರು, ಕಾಡು ಬೆಳೆದು ಕತ್ತಲಾಯಿತು. ಪೇಟೆಯ ಮನೆಯ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಇವತ್ತು ಹುದುಗುತ್ತಿರುವುದು ಆ ಎಲೆರಾಶಿಯ ಒಂದು ತುಣುಕು.

ನಮ್ಮ ಮನೆಯ ಗೊಬ್ಬರದ ಗುಂಡಿ ಬಗೆಯುವಾಗ ಗುದ್ದಲಿಯ ಬಾಯಿಗೆ ಬೆರಳು ಗಾತ್ರದ ಬಿಳಿ ಗೊಣ್ಣೆಹುಳುಗಳು ಸಿಕ್ಕುತ್ತಿದ್ದವು. ‘ಸಿ’ ಅಕ್ಷರದ ಹಾಗೆ ಸುರುಟಿಕೊಂಡು, ಕಂದು ತಲೆ, ಹಿಂಭಾಗದಲ್ಲಿ ತಿಂದ ಗೊಬ್ಬರ ಚರ್ಮದಾಚೆಗೂ ಕಪ್ಪಾಗಿ ಕಾಣುತ್ತಿತ್ತು. ಕೋಳಿಗಳು ಕಾದು ನಿಂತಿರುತ್ತಿದ್ದವು. ಅವುಗಳಲ್ಲಿ ಹಲವು ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿಯ, ಕೃಷಿ ಇಲಾಖೆಯವರು ರೈನೋಸರಸ್ ದುಂಬಿ ಎನ್ನುವ ಜೀವದ, ಮರಿಗಳೆಂದು ತಿಳಿದದ್ದು ದೊಡ್ಡವನಾದ ಮೇಲೆ. ಸುಳಿಯಲ್ಲಿ ಅದು ಮಾಡಿದ ಗಾಯ, ಎಲೆ ಬಿಚ್ಚಿಕೊಂಡಾಗ ಕತ್ತರಿಯಲ್ಲಿ ಕತ್ತರಿಸಿದಂಥ ತ್ರಿಕೋನದ ಕಚ್ಚುಗಳಾಗಿ ಕಾಣುತ್ತದೆ. ಅಡಿಕೆ ತೋಟದ ಬೇರುಹುಳುವೂ ಇದರ ದೂರದ ನೆಂಟ. ಕಬುತೊಮುಶಿಗೂ ನಮ್ಮ ಕೊಂಬಿನ ದುಂಬಿಗೂ ಒಂದೇ ಉಪಕುಟುಂಬ, ಒಂದೇ ಬಗೆಯ ಊಟ. ಒಂದು ಕಡೆ ಅದೇ ಊಟವನ್ನು ಅಕ್ಕರೆಯಿಂದ ತಯಾರಿಸುತ್ತಾರೆ. ಇನ್ನೊಂದು ಕಡೆ ಅದೇ ಊಟದ ರಾಶಿಗೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಹಸಿರು ಶಿಲೀಂಧ್ರ ಮೆಟಾರೈಜಿಯಂ ಬೆರೆಸಿ ಹುಳುಗಳನ್ನು ಕೊಲ್ಲಲು ಹೇಳುತ್ತದೆ. ಇಬ್ಬರೂ ತಮ್ಮ ತಮ್ಮ ಜಾಗದಲ್ಲಿ ಸರಿ. ಜಪಾನಿನ ದಕ್ಷಿಣ ತುದಿಯ ಓಕಿನಾವಾಕ್ಕೆ ಹೋದರೆ ಇದೇ ನಮ್ಮ ದುಂಬಿ ಅಲ್ಲೂ ಇದೆ, ಅಲ್ಲೂ ಅದು ಪೀಡೆಯೇ.

ಹಾಗಾಗಿ ತೆಂಗಿನ ನಾಡಿನಲ್ಲಿ ಈ ದುಂಬಿಯನ್ನು ಸಾಕಿ ಬಿಡುವ ಯೋಚನೆ ಸಲ್ಲದು. ಹೊರದೇಶದ ದುಂಬಿಯನ್ನು ಅನುಮತಿಯಿಲ್ಲದೆ ತರಿಸುವುದಕ್ಕೆ ನಮ್ಮ ಸಸ್ಯ ಸಂಗರೋಧ ನಿಯಮ ಅವಕಾಶ ಕೊಡುವುದಿಲ್ಲ, ಕೊಡಲೂಬಾರದು. ಆಮದು ಬಿಟ್ಟುಕೊಟ್ಟ ಜಪಾನ್ ಅದರ ಬೆಲೆ ಕಂಡಿದೆ. ಹೊರಗಿನಿಂದ ಬಂದ ಕುವಾಗತಗಳು ಸ್ಥಳೀಯ ಕುವಾಗತಗಳೊಡನೆ ಬೆರೆತು ಮಿಶ್ರತಳಿ ಹುಟ್ಟಿಸಬಲ್ಲವು ಎಂದು ಅಲ್ಲಿನ ರಾಷ್ಟ್ರೀಯ ಪರಿಸರ ಅಧ್ಯಯನ ಸಂಸ್ಥೆಯ ಗೋಕಾ ಕೊಯಿಚಿ ಮತ್ತು ಸಂಗಡಿಗರು ತೋರಿಸಿದರು. ಅಪಾಯ ದುಂಬಿ ತಪ್ಪಿಸಿಕೊಳ್ಳುವುದರಲ್ಲಿ ಮಾತ್ರ ಇಲ್ಲ. ಬಳಸಿ ಬಿಟ್ಟ ಹುಡಿಯಲ್ಲಿ ಸಾಸಿವೆಗಿಂತ ತುಸು ದೊಡ್ಡ ಮೊಟ್ಟೆಗಳು, ಕಣ್ಣು ತಪ್ಪಿಸಿಕೊಂಡ ಮರಿಗಳು ಉಳಿದಿರುತ್ತವೆ. ಅದನ್ನು ಕಾಡಿನ ಅಂಚಿನಲ್ಲಿ ಸುರಿದರೆ ಮಾಡಿದ ಪ್ರೀತಿಯೆಲ್ಲ ಕಾಡಿಗೆ ದ್ರೋಹವಾಗುತ್ತದೆ. ಒಳ್ಳೆಯ ಸಾಕಣೆಗಾರ ಹಳೆಯ ಹುಡಿಯನ್ನು ಜರಡಿ ಹಿಡಿದು, ಸುಡುಬಿಸಿಲಲ್ಲಿ ಒಣಗಿಸಿ ಅಥವಾ ಫ್ರೀಜರಿನಲ್ಲಿಟ್ಟು ಜೀವ ತೆಗೆದ ಮೇಲಷ್ಟೇ ಹೂಕುಂಡಕ್ಕೆ ಹಾಕುತ್ತಾನೆ. ಜರಡಿಯಲ್ಲಿ ಉಳಿಯುವ, ಜೀರಿಗೆ ಮಾತ್ರೆಯಂಥ ಹಿಕ್ಕೆಗಳು ಗಿಡಕ್ಕೆ ಒಳ್ಳೆಯ ಗೊಬ್ಬರ.

ಮತ್ತೆ ಜಪಾನಿನ ಪೆಟ್ಟಿಗೆಗೆ ಬಂದರೆ, ಕಬುತೊಮುಶಿಯ ಮೊಟ್ಟೆ ಒಡೆದು ಎರಡು ಮೂರು ತಿಂಗಳಲ್ಲೇ, ಅಕ್ಕಿಕಾಳಿನಷ್ಟಿದ್ದ ಹುಳು ಅಂಗೈ ತುಂಬುತ್ತದೆ. ದೊಡ್ಡ ಗಂಡು ಹುಳು 30 ಗ್ರಾಂ ತೂಗುತ್ತದೆ. ದಕ್ಷಿಣ ಅಮೆರಿಕದ ಹರ್ಕ್ಯುಲಿಸ್ ದುಂಬಿಯ ಹುಳುವಂತೂ 100 ಗ್ರಾಂ ದಾಟುತ್ತದೆ. ಕೊಂಬು ಎಷ್ಟು ಉದ್ದ ಬರುತ್ತದೆ ಎಂಬುದು ಈ ತಿಂಗಳುಗಳ ಊಟದಲ್ಲೇ ತೀರ್ಮಾನವಾಗುತ್ತದೆ. ಅಮೆರಿಕದ ಡಗ್ಲಾಸ್ ಎಮ್ಲೆನ್ ಮತ್ತು ಸಂಗಡಿಗರು 2012ರಲ್ಲಿ ಇದೇ ಕಬುತೊಮುಶಿಯಲ್ಲಿ ಕಾರಣ ಹುಡುಕಿದರು. ಹೊಟ್ಟೆ ತುಂಬಿದೆಯೆಂದು ಮೈಗೆಲ್ಲ ಹೇಳುವ ಇನ್ಸುಲಿನ್ ಸಂಕೇತಕ್ಕೆ ರೆಕ್ಕೆ, ಜನನಾಂಗಗಳಿಗಿಂತ ಕೊಂಬಿನ ಅಂಗಾಂಶ ಬಹಳ ಹೆಚ್ಚಾಗಿ ಓಗೊಡುತ್ತದೆ. ಅರೆಹೊಟ್ಟೆಯ ಹುಳುವಿನಿಂದ ರೆಕ್ಕೆ ಸರಿಯಿದ್ದ, ಆದರೆ ಕೊಂಬು ಮೊಳಕೆಯಷ್ಟೇ ಇರುವ ದುಂಬಿ ಬರುವುದು ಇದರಿಂದ.

ಮೇ ತಿಂಗಳ ಹೊತ್ತಿಗೆ ಹುಳುವಿನ ಬಿಳಿ ಮೈ ಹಳದಿಗೆ ತಿರುಗುತ್ತದೆ. ಇನ್ನು ಹುಡಿ ಬದಲಿಸುವಂತಿಲ್ಲ. ಹುಳು ತನ್ನ ಮೈಯನ್ನೇ ಉರುಳಿಸಿ ಉರುಳಿಸಿ ಹುಡಿಯನ್ನು ಒತ್ತಿ, ತನ್ನ ಹಿಕ್ಕೆಯಿಂದ ಗೋಡೆ ಮೆತ್ತಿ, ನಿಲುವಾದ ಮೊಟ್ಟೆಯಾಕಾರದ ಒಂದು ಕೋಣೆ ಕಟ್ಟುತ್ತದೆ. ತಿಂದ ಮರದಿಂದಲೇ ಮನೆ. ಅಕ್ಕಪಕ್ಕದ ಹುಳುಗಳು ಇನ್ನೂ ತಿನ್ನುತ್ತಾ ಓಡಾಡುತ್ತಿರುತ್ತವೆ, ಒಂದು ಕೊರೆದು ಬಂದರೆ ಕೋಣೆ ಕುಸಿಯುತ್ತದೆ. ಕೋಣೆಯೊಳಗೆ ಪ್ಯೂಪಾ ಆಗಿ ಬದಲಾದ ಹುಳುವಿನ ಕಾಲೂ ಬಾಯೂ ಇನ್ನೂ ಕೆಲಸ ಮಾಡುವುದಿಲ್ಲ. ಆದರೂ ಇನ್ನೊಂದು ಹುಳು ಹತ್ತಿರ ಬಂದದ್ದು ತಿಳಿದರೆ ಅದು ಮೈಯನ್ನು ಗೋಡೆಗೆ ಬಡಿದು ಕಂಪನ ಎಬ್ಬಿಸುತ್ತದೆ. ಆ ಕಂಪನಕ್ಕೆ ಹುಳು ತಿನ್ನುವುದನ್ನು ನಿಲ್ಲಿಸಿ ಅಲ್ಲೇ ಸ್ತಬ್ಧವಾಗುತ್ತದೆ. ಜಪಾನಿನ ಸಂಶೋಧಕರು ಇದನ್ನು ಅಳೆದು ದಾಖಲಿಸಿದ್ದಾರೆ. ಅಕಸ್ಮಾತ್ ಕೋಣೆ ಒಡೆದರೆ ಸಾಕುವವರು ಹೂಗುಚ್ಛ ಚುಚ್ಚಲು ಬಳಸುವ ಹಸಿರು ಸ್ಪಂಜನ್ನು ನೆನೆಸಿ, ಚಮಚದ ಹಿಂಬದಿಯಿಂದ ಅದೇ ಆಕಾರದ ಕುಳಿ ಒತ್ತಿ, ಪ್ಯೂಪಾವನ್ನು ತಲೆ ಮೇಲಾಗಿ ಅದರೊಳಗೆ ಇಳಿಸುತ್ತಾರೆ. ಕೋಣೆ ಓರೆಯಾದರೆ, ಇಕ್ಕಟ್ಟಾದರೆ, ಕೊಂಬು ಸೊಟ್ಟಗಾಗಿ ಗಟ್ಟಿಯಾಗುತ್ತದೆ.

ಆಮೇಲೆ ಮೂರು ವಾರ ಪೆಟ್ಟಿಗೆಯನ್ನು ಯಾರೂ ಅಲುಗಿಸುವುದಿಲ್ಲ. ಮನೆಯ ಮಕ್ಕಳು ಡಬ್ಬಿಯ ಗೋಡೆಗೆ ಕಿವಿಯಿಟ್ಟು, ಒಳಗೆ ಕೆರೆದ ಸದ್ದು ಬರುತ್ತದೆಯೋ ಎಂದು ಆಲಿಸುತ್ತಾರೆ.